ವಿದೇಶಕ್ಕೆ ಹೊರಟರೆ ಎಲ್ಲಿ ಇಳಿದುಕೊಳ್ಳಬೇಕು? ಚಿಕ್ಕಬಳ್ಳಾಪುರದ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮ ಭಾವನವರದ್ದೊಂದು ಹೋಂಸ್ಟೇ ಇದೆ. ಮೂರು ರೂಮು, ಒಂದು ದ್ರಾಕ್ಷಿ ಚಪ್ಪರ, ಎದುರಿಗೊಂದು ಹುಣಸೆಮರ. ಫೋಟೊ ತೆಗೆಯಲು ಬಂದ ಹುಡುಗ ಗೋಡೆಯ ಮೂಲೆಗೆ ಬೆನ್ನು ಒತ್ತಿ ನಿಂತು, ಅಗಲದ ಲೆನ್ಸ್ ಹಾಕಿ, ಹತ್ತಡಿ ರೂಮನ್ನು ಕಲ್ಯಾಣ ಮಂಟಪದಂತೆ ಕಾಣಿಸಿಬಿಟ್ಟ. ‘ಬೆಟ್ಟಕ್ಕೆ ಹತ್ತಿರ’ ಅಂತ ಬರೆದದ್ದು ಅವರ ಮಟ್ಟಿಗೆ ನಿಜ. ಆದರೆ ದೊಡ್ಡಬಳ್ಳಾಪುರದ ಪಕ್ಕದಲ್ಲಿರುವವರೂ ಹಾಗೇ ಬರೆದುಕೊಳ್ಳುತ್ತಾರೆ. ಅವತ್ತಿನಿಂದ ಯಾವ ದೇಶದ ರೂಮಿನ ಫೋಟೊ ನೋಡಿದರೂ, ತೆಗೆದವನು ಎಲ್ಲಿ ನಿಂತಿದ್ದ ಅಂತ ಮೊದಲು ಹುಡುಕುತ್ತೇನೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯವರಿಗೆ ವಿಮಾನ ಹತ್ತುವುದು ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ, ಹೂವಿನ ವ್ಯವಹಾರಕ್ಕೆ ಹಾಲೆಂಡ್‌ಗೆ, ಸುಮ್ಮನೆ ನೋಡಿಕೊಂಡು ಬರಲು ಸಿಂಗಪುರಕ್ಕೆ ಹೋಗುವವರು ಬೀದಿಗೊಬ್ಬರಿದ್ದಾರೆ. ಟಿಕೆಟ್ ವಿಷಯದಲ್ಲಿ ಇವರು ಯಾರೂ ಮೋಸ ಹೋಗುವುದಿಲ್ಲ. ಇಳಿದುಕೊಳ್ಳುವ ಜಾಗದಲ್ಲಿ ಎಡವುತ್ತಾರೆ. ಕಾರಣ, ಎಲ್ಲರೂ ಮೊದಲು ನೋಡುವುದು ಒಂದು ರಾತ್ರಿಯ ಬಾಡಿಗೆಯನ್ನು. ನನ್ನ ಪ್ರಕಾರ ಅದನ್ನು ಕೊನೆಯಲ್ಲಿ ನೋಡಬೇಕು. ಯಾರು ಹೋಗುತ್ತಿದ್ದಾರೆ, ಕಾಗದಪತ್ರ ಏನು ಕೇಳುತ್ತದೆ, ಊಟ ಹೇಗೆ, ಸ್ನಾನ ಹೇಗೆ ಎಂಬ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಬಾಡಿಗೆಯ ಮಾತು.

ಮೊದಲು ಒಂದು ಹಾಳೆ, ಒಂದು ಪೆನ್ನು

ಮೊಬೈಲ್ ಕೆಳಗಿಟ್ಟು ಬರೆಯಿರಿ: ಎಷ್ಟು ಜನ, ಯಾರ ವಯಸ್ಸೆಷ್ಟು, ಮೆಟ್ಟಿಲು ಹತ್ತಲಾರದವರು ಇದ್ದಾರೆಯೇ, ಬೆಳಿಗ್ಗೆ ಎಷ್ಟು ಗಂಟೆಗೆ ಎಲ್ಲಿರಬೇಕು, ಎಷ್ಟು ರಾತ್ರಿ.

ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ನಮ್ಮ ಸೋದರಮಾವನ ಮಗ ಹಾಲೆಂಡ್‌ಗೆ ಹೊರಟಾಗ, ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಪಕ್ಕದ ರೂಮೇ ಬೇಕೆಂದು ಕೂತಿದ್ದ. ಅವನು ಹೋಗುತ್ತಿದ್ದದ್ದು ಆಲ್ಸ್‌ಮೀರ್‌ನ ಹೂವಿನ ಹರಾಜು ನೋಡಲು. ಅದರ ಗದ್ದಲವೆಲ್ಲ ಬೆಳಗಿನ ಹೊತ್ತು, ನಮ್ಮ ಹೂವಿನ ಮಾರುಕಟ್ಟೆಯ ಹಾಗೆಯೇ. ಆಲ್ಸ್‌ಮೀರ್ ಇರುವುದು ಊರಾಚೆ, ಸ್ಕಿಪೋಲ್ ವಿಮಾನ ನಿಲ್ದಾಣದ ಹತ್ತಿರ. ಮೇಲಾಗಿ ಆಮ್‌ಸ್ಟರ್‌ಡ್ಯಾಮ್ ನಗರದೊಳಗೆ ಇಳಿದುಕೊಂಡರೆ ರೂಮಿನ ಬೆಲೆಯ ಮೇಲೆ 12.5 ಶೇಕಡಾ ಪ್ರವಾಸಿ ತೆರಿಗೆ ಬೇರೆ. ಕೊನೆಗೆ ನಿಲ್ದಾಣದ ಬಳಿಯೇ ಸಾಧಾರಣ ಹೋಟೆಲು ಹಿಡಿದ. ಕಾಲುವೆಯನ್ನು ಒಂದು ಸಂಜೆ ಹೋಗಿ ನೋಡಿಕೊಂಡು ಬಂದ.

ಜನರ ಸಂಖ್ಯೆಯನ್ನು ಸುಳ್ಳು ಬರೆಯಬೇಡಿ. ಧರ್ಮಸ್ಥಳಕ್ಕೆ ಹೋದಾಗ ಡಬಲ್ ರೂಮಿನಲ್ಲಿ ಐದು ಜನ ‘ಅಡ್ಜಸ್ಟ್’ ಮಾಡಿಕೊಳ್ಳುತ್ತೇವಲ್ಲ, ಯುರೋಪಿನಲ್ಲಿ ಅದು ನಡೆಯುವುದಿಲ್ಲ. ಬೆಂಕಿ ಸುರಕ್ಷತೆಯ ನಿಯಮದ ಪ್ರಕಾರ ರೂಮಿಗೆ ಇಷ್ಟೇ ಜನ ಅಂತ ಇರುತ್ತದೆ. ಮಗುವಿನ ವಯಸ್ಸನ್ನೂ ಸರಿಯಾಗಿ ಹಾಕಬೇಕು. ಬಾಗಿಲಲ್ಲಿ ನಿಂತಾಗ ಇನ್ನೊಂದು ರೂಮು ತೆಗೆದುಕೊಳ್ಳಿ ಅಂದರೆ ಆ ದಿನದ ದರವೇ ಗತಿ.

ವೀಸಾ ಏನು ಕೇಳುತ್ತದೆ

ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಲು ಬಿಡುವ ಷೆಂಗೆನ್ ವೀಸಾಕ್ಕೆ ಎಲ್ಲಿ ತಂಗುತ್ತೀರಿ ಎನ್ನುವ ದಾಖಲೆ ಕೊಡಲೇಬೇಕು. ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆಯೂ ಬೇಕು. ಇಲ್ಲಿ ಅನೇಕರಿಗೆ ಹೊಳೆಯದ ಒಂದು ಸಂಗತಿಯಿದೆ. ಹಲವು ದೇಶ ಸುತ್ತುವವರು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅಂದರೆ ಪ್ಯಾರಿಸ್ಸಿನಲ್ಲಿ ಮೂರು ರಾತ್ರಿಯೋ, ಸ್ವಿಟ್ಜರ್‌ಲೆಂಡಿನಲ್ಲಿ ನಾಲ್ಕು ರಾತ್ರಿಯೋ ಎನ್ನುವುದು ಅರ್ಜಿ ಎಲ್ಲಿಗೆ ಹೋಗಬೇಕೆಂಬುದನ್ನೇ ತೀರ್ಮಾನಿಸುತ್ತದೆ. ಹಾಗಾಗಿ ರಾತ್ರಿಗಳ ಲೆಕ್ಕ ಮೊದಲು, ಅರ್ಜಿ ಆಮೇಲೆ.

ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗುವ ಬುಕಿಂಗನ್ನೇ ಮಾಡಿ. ‘ರದ್ದತಿ ಉಚಿತ’ ಎಂಬುದರ ಪಕ್ಕದಲ್ಲಿ ಯಾವ ದಿನದವರೆಗೆ ಅಂತ ಸಣ್ಣಕ್ಷರದಲ್ಲಿರುತ್ತದೆ. ಆ ದಿನ, ಆ ದೇಶದ ಗಂಟೆ, ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನೂರಿನ್ನೂರಕ್ಕೆ ನಕಲಿ ಬುಕಿಂಗ್ ಚೀಟಿ ಮಾಡಿಕೊಡುವವರ ಹತ್ತಿರ ಹೋಗಬೇಡಿ. ಅಧಿಕಾರಿ ಹೋಟೆಲಿಗೆ ಒಂದು ಫೋನು ಮಾಡಿದರೆ ಕಥೆ ಮುಗಿಯಿತು.

ನೆಂಟರ ಮನೆಯಲ್ಲಿ ಇಳಿಯುವವರಿಗೂ ಕಾಗದ ತಪ್ಪಿದ್ದಲ್ಲ. ಫ್ರಾನ್ಸ್‌ನಲ್ಲಿ ಆತಿಥ್ಯ ಕೊಡುವವರು ತಮ್ಮೂರಿನ ಪುರಸಭೆಯಿಂದ ಪತ್ರ ಮಾಡಿಸಿ ಕಳಿಸಬೇಕು. ಅಮೆರಿಕದ ವೀಸಾ ಅರ್ಜಿಯಲ್ಲಿ ಉಳಿಯುವ ವಿಳಾಸದ ಕಲಮೇ ಇದೆ. ಸಿಂಗಪುರಕ್ಕೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನದ ಕಾರ್ಡ್ ತುಂಬಬೇಕು, ಥಾಯ್ಲೆಂಡಿಗೂ 2025ರ ಮೇ 1ರಿಂದ ಅಂಥದ್ದೇ ಬಂದಿದೆ. ಎರಡರಲ್ಲೂ ತಂಗುವ ಜಾಗದ ವಿವರ ಕೇಳುತ್ತಾರೆ. ಎರಡೂ ಉಚಿತ. ದುಡ್ಡು ಕೇಳುವ ಪುಟ ಕಂಡರೆ ಅದು ಸರ್ಕಾರದ್ದಲ್ಲ.

ಜಾಗಗಳ ಬಗೆ, ಯಾರಿಗೆ ಯಾವುದು

ಹೋಟೆಲು ಎಲ್ಲರಿಗೂ ಗೊತ್ತಿರುವುದು. ಹಗಲು ರಾತ್ರಿ ಮುಂಗಟ್ಟೆಯಲ್ಲಿ, ಅಂದರೆ ರಿಸೆಪ್ಷನ್ನಿನಲ್ಲಿ ಜನ ಇರುತ್ತಾರೆ, ಸಾಮಾನು ಇಟ್ಟುಕೊಳ್ಳುತ್ತಾರೆ, ಮೈ ಹುಷಾರಿಲ್ಲದಿದ್ದರೆ ಡಾಕ್ಟರನ್ನು ಕೇಳಬಹುದು. ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ, ನಡುರಾತ್ರಿ ಇಳಿಯುವವರಿಗೆ ಇದೇ ಸರಿ. ಒಂದೆರಡು ಸಾವಿರ ಉಳಿಸಲು ಬೇರೆ ಕಡೆ ನೋಡಬೇಡಿ.

ಹಾಸ್ಟೆಲ್ ಅಂದರೆ ನಮಗೆ ನೆನಪಾಗುವುದು ಕಾಲೇಜು. ಪ್ರಯಾಣಿಕರ ಹಾಸ್ಟೆಲ್ ಬೇರೆ. ಜರ್ಮನಿಯ ರಿಚರ್ಡ್ ಶಿರ್‌ಮಾನ್ ಎಂಬ ಮೇಷ್ಟ್ರು, ಕಾಲ್ನಡಿಗೆಯಲ್ಲಿ ಊರು ನೋಡಲು ಹೊರಡುವ ಮಕ್ಕಳಿಗಾಗಿ ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ಶುರು ಮಾಡಿದ್ದು ಇದರ ಮೂಲ. ಒಂದು ರೂಮಿನಲ್ಲಿ ನಾಲ್ಕು, ಆರು, ಎಂಟು ಮಂಚ. ನೀವು ಬಾಡಿಗೆ ಕೊಡುವುದು ಮಂಚಕ್ಕೆ, ರೂಮಿಗಲ್ಲ. ಒಬ್ಬರೇ ತಿರುಗುವ ಹುಡುಗ ಹುಡುಗಿಯರಿಗೆ ದುಡ್ಡೂ ಉಳಿಯುತ್ತದೆ, ಸ್ನೇಹಿತರೂ ಸಿಗುತ್ತಾರೆ. ಹೆಂಗಸರಿಗೇ ಮೀಸಲಾದ ರೂಮು ಬೇಕಿದ್ದರೆ ಬುಕ್ ಮಾಡುವಾಗಲೇ ಅದನ್ನು ಆರಿಸಿ. ನಿಮ್ಮದೇ ಬೀಗ ಒಯ್ಯಿರಿ. ಕಪಾಟು ಕೊಡುತ್ತಾರೆ, ಬೀಗ ಕೊಡದಿರಬಹುದು. ಕೆಲವು ಹಾಸ್ಟೆಲುಗಳಲ್ಲಿ ವಯಸ್ಸಿನ ಮಿತಿ ಇದೆ. ಅಪ್ಪನನ್ನು ಕರೆದುಕೊಂಡು ಹೋಗುವ ಮುಂಚೆ ನೋಡಿ.

ಜಪಾನಿನ ಕ್ಯಾಪ್ಸೂಲ್ ಹೋಟೆಲು ಒಂದು ರಾತ್ರಿಯ ಮೋಜಿಗೆ ಅಡ್ಡಿಯಿಲ್ಲ. ಮೊದಲನೆಯದು 1979ರಲ್ಲಿ ಒಸಾಕಾದಲ್ಲಿ ತೆರೆಯಿತು. ರೈಲಿನ ಬರ್ತಿಗಿಂತ ಸ್ವಲ್ಪ ದೊಡ್ಡದು. ದೊಡ್ಡ ಸೂಟ್‌ಕೇಸ್ ಒಳಗೆ ಹೋಗುವುದಿಲ್ಲ, ಗಂಡಸರು ಹೆಂಗಸರಿಗೆ ಬೇರೆ ಬೇರೆ ಮಹಡಿ. ದಂಪತಿಗಳಿಗೆ ಹೇಳಿದ್ದಲ್ಲ.

ಅದೇ ಜಪಾನಿನ ರ್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಯಲ್ಲಿ ಎರಡು ಕಡೆ ನಮ್ಮವರು ಬೀಳುತ್ತಾರೆ. ಬೆಲೆ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಇರುತ್ತದೆ, ರೂಮಿಗಲ್ಲ. ರಾತ್ರಿ ಊಟವೂ ಸೇರಿರುತ್ತದೆ, ಆದರೆ ಸಾರಿನ ಬುಡದಲ್ಲೇ ಮೀನಿನ ರಸ. ‘ಮಾಂಸ ಬೇಡ’ ಅಂದರೆ ಸಾಲದು. ಸಸ್ಯಾಹಾರಿಗಳು ಇದರ ಬದಲು ಕೋಯಾಸಾನ್ ಬೆಟ್ಟಕ್ಕೆ ಹೋಗಿ ಅಂತ ನಾನು ಒತ್ತಿ ಹೇಳುತ್ತೇನೆ. ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ನೆಲೆ ಹೂಡಿದ ಆ ಬೆಟ್ಟದ ಮೇಲೆ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ರೂಮು ಕೊಡುತ್ತವೆ. ಅಲ್ಲಿನ ಊಟದಲ್ಲಿ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲ ಪಾಚಿ ಮತ್ತು ಅಣಬೆಯ ರಸ. ಚಾಪೆಯ ಮೇಲೆ ಹಾಸಿಗೆ, ಬೆಳಿಗ್ಗೆ ಎದ್ದರೆ ಪೂಜೆ. ನಮ್ಮ ದೊಡ್ಡಮ್ಮ ವಿದೇಶದಲ್ಲಿ ಎರಡನೇ ಸಲ ಬಡಿಸಿಕೊಂಡು ಉಂಡದ್ದು ಅಲ್ಲೊಂದೇ ಕಡೆ. “ಥೇಟ್ ಮಠದ ಊಟ ಕಣಮ್ಮ, ಖಾರ ಒಂದಿಲ್ಲ ಅಷ್ಟೆ” ಅಂದರು. ಸಂಜೆಯೂಟ ಬೇಗ, ಬಾಗಿಲು ಹಾಕುವುದೂ ಬೇಗ, ಆದ್ದರಿಂದ ಕತ್ತಲಾಗುವುದರೊಳಗೆ ತಲುಪಬೇಕು. ಕೊರಿಯಾದಲ್ಲೂ 2002ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ದೇವಾಲಯ ವಾಸ್ತವ್ಯ ಶುರುವಾಯಿತು. ಅಲ್ಲಿಯೂ ಸಸ್ಯಾಹಾರವೇ.

ಇನ್ನು ಬಾಡಿಗೆ ಫ್ಲ್ಯಾಟು ಮತ್ತು ಹೋಟೆಲಿನಂತೆ ಸೇವೆಯೂ ಇರುವ ಸರ್ವಿಸ್ ಅಪಾರ್ಟ್‌ಮೆಂಟು. ನಮ್ಮ ಕಡೆಯವರ ಮನಸ್ಸು ಓಡುವುದು ಇಲ್ಲಿಗೇ, ಯಾಕೆಂದರೆ ಅಡುಗೆಮನೆ ಇರುತ್ತದೆ.

ಅಡುಗೆಮನೆಯ ಆಸೆ

ಮೂರು ದಿನ ಬ್ರೆಡ್ಡು ತಿಂದ ಮೇಲೆ ಅನ್ನ ಸಾರಿಗೆ ಎಷ್ಟು ಬೆಲೆ ಕೊಟ್ಟರೂ ಕಡಿಮೆ ಎನಿಸುತ್ತದೆ, ನಿಜ. ಆದರೆ ‘ಅಡುಗೆಮನೆ ಇದೆ’ ಎಂದು ಬರೆದಿದ್ದರೆ ಒಳಗೆ ಏನಿದೆ ಅಂತ ಕೇಳಿ. ಎಷ್ಟೋ ಕಡೆ ಅದು ಒಂದು ಮೈಕ್ರೋವೇವ್, ಒಂದು ಕೆಟಲ್ ಅಷ್ಟೆ. ಒಲೆ ಇದೆಯೇ, ಆಳವಾದ ಪಾತ್ರೆ ಇದೆಯೇ, ಇದನ್ನು ಬುಕ್ ಮಾಡುವ ಮುಂಚೆ ಮನೆ ಮಾಲೀಕರಿಗೆ ಬರೆದು ಕೇಳಬೇಕು.

ಲಂಡನ್ನಿನ ಒಂದು ಫ್ಲ್ಯಾಟಿನಲ್ಲಿ ನಮ್ಮ ಚಿಕ್ಕಮ್ಮ ಒಗ್ಗರಣೆಗೆ ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ್ದೇ ತಡ, ಹೊಗೆಯ ಅಲಾರಂ ಕೂಗಿಕೊಂಡಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ, ಎದುರು ಮನೆಯವರು ರಾತ್ರಿಯ ಉಡುಪಿನಲ್ಲೇ ಬಂದು ಬಾಗಿಲು ಬಡಿಯುತ್ತಿದ್ದರು. ಆ ಅಲಾರಮನ್ನು ಬಿಚ್ಚಿಡುವುದು, ಬಟ್ಟೆ ಸುತ್ತುವುದು ಮಾಡಬೇಡಿ, ಅದು ತಪ್ಪು. ಚಿಮಣಿ ಫ್ಯಾನು ಹಾಕಿ, ಕಿಟಕಿ ತೆಗೆದಿಡಿ. ಒಗ್ಗರಣೆಯನ್ನು ಊರಿನಿಂದಲೇ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು. ರಾಗಿ ಹಿಟ್ಟು ಒಯ್ಯುವವರಿಗೆ ಒಂದು ಮಾತು: ಅವರ ನಾನ್‌ಸ್ಟಿಕ್ ಪಾತ್ರೆಯಲ್ಲಿ ಕೋಲು ಹಾಕಿ ಮುದ್ದೆ ತಿರುವಬೇಡಿ. ಗೀರು ಬಿದ್ದರೆ ಠೇವಣಿಯಲ್ಲಿ ಹಿಡಿಯುತ್ತಾರೆ. ಅಂಬಲಿ ಮಾಡಿಕೊಳ್ಳಿ, ಅಥವಾ ಹುರಿಹಿಟ್ಟು ಒಯ್ಯಿರಿ.

ನಮ್ಮ ಮಿಕ್ಸಿ, ರೈಸ್ ಕುಕ್ಕರು 230 ವೋಲ್ಟಿನವು. ಅಮೆರಿಕದಲ್ಲಿ ಇರುವುದು 120, ಜಪಾನಿನಲ್ಲಿ 100. ಪ್ಲಗ್ಗಿನ ಅಡಾಪ್ಟರ್ ಹಾಕಿದರೆ ಕಾಲು ಹೊಂದುತ್ತದೆ, ಶಕ್ತಿ ಹೊಂದುವುದಿಲ್ಲ. ಬ್ರಿಟನ್, ಯುರೋಪಿನಲ್ಲಿ ವೋಲ್ಟೇಜ್ ನಮ್ಮಷ್ಟೇ.

ಚೀಲಕ್ಕೆ ಏನು ತುಂಬುತ್ತೀರಿ ಎನ್ನುವುದೂ ಇದಕ್ಕೇ ಸೇರಿದ್ದು. ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ಶ್ರೀನಿವಾಸಪುರದ ಮಾವಿನಹಣ್ಣನ್ನೂ ಹಾಗೇ ಸುಮ್ಮನೆ ಒಯ್ಯಲಾಗದು. ದುಬೈ, ಅಬುಧಾಬಿ ಕಡೆಗೆ ಹೋಗುವವರು ಗಸಗಸೆಯ ಪೊಟ್ಟಣ ಇಟ್ಟುಕೊಂಡು ಹೋಗಲೇಬಾರದು, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿನೊಳಗೆ ಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಚಟ್ನಿಪುಡಿಯನ್ನೂ ಚೀಟಿಯಲ್ಲಿ ಬರೆದು ತೋರಿಸಿ. ಅಡುಗೆಮನೆಗಾಗಿ ಹೆಚ್ಚು ಬಾಡಿಗೆ ಕೊಟ್ಟು, ಅಡುಗೆಯ ಸಾಮಾನೆಲ್ಲ ವಿಮಾನ ನಿಲ್ದಾಣದ ಕಸದಬುಟ್ಟಿಗೆ ಹೋದರೆ ಏನು ಬಂತು?

ಫ್ಲ್ಯಾಟು ಕಾನೂನಿನಂತೆ ಇದೆಯೇ

ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವಂತಿಲ್ಲ. ಸರ್ಕಾರಿ ಗೃಹಮಂಡಳಿಯ ಫ್ಲ್ಯಾಟಾದರೆ ಆರು ತಿಂಗಳು. ಆದ್ದರಿಂದ ನಾಲ್ಕು ದಿನಕ್ಕೆ ಅಗ್ಗದ ಮನೆ ಕಂಡರೆ ಅದು ಕಳ್ಳ ವ್ಯವಹಾರ. ಅಲ್ಲಿ ಹೋಟೆಲು, ಹಾಸ್ಟೆಲು ಇಲ್ಲವೇ ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟು ಮಾತ್ರ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಬಿಗಿ ಮಾಡಿದ್ದಾರೆ: 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನಗರದಲ್ಲಿ ನೋಂದಾಯಿಸಿರಬೇಕು, ತಾವೂ ಅದೇ ಮನೆಯಲ್ಲಿರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಜಪಾನಿನಲ್ಲಿ 2018ರ ಜೂನಿನಲ್ಲಿ ಜಾರಿಗೆ ಬಂದ ಕಾನೂನಿನಂತೆ ಮನೆಗಳನ್ನು ವರ್ಷಕ್ಕೆ 180 ದಿನ ಮಾತ್ರ ಹೀಗೆ ಕೊಡಬಹುದು, ನೋಂದಣಿ ಸಂಖ್ಯೆ ಇರಬೇಕು. ಜಾಹೀರಾತಿನಲ್ಲಿ ಆ ಸಂಖ್ಯೆ ಕಾಣದಿದ್ದರೆ ಮುಂದೆ ಹೋಗಿ.

‘ಯಾರಾದರೂ ಕೇಳಿದರೆ ನನ್ನ ನೆಂಟರು ಅಂತ ಹೇಳಿ’ ಎಂದು ಮನೆ ಮಾಲೀಕರು ಸಂದೇಶ ಕಳಿಸಿದರೆ ಆ ಕ್ಷಣವೇ ಬಿಟ್ಟುಬಿಡಿ.

ಬಾಣಂತನಕ್ಕೆ ಹೋಗಿ ಮಗಳ ಮನೆಯಲ್ಲೇ ತಿಂಗಳುಗಟ್ಟಲೆ ಇರುವವರಿಗೂ ಇದು ಬೇಕಾದ ವಿಷಯ. ಅಮೆರಿಕದ ಅನೇಕ ಬಾಡಿಗೆ ಕರಾರುಗಳಲ್ಲಿ ಅತಿಥಿಗಳು ಎಷ್ಟು ದಿನ ಇರಬಹುದು ಅಂತ ಬರೆದಿರುತ್ತದೆ. ಅಳಿಯಂದಿರು ಒಮ್ಮೆ ಕರಾರು ಓದಿ, ಕಟ್ಟಡದ ಆಫೀಸಿಗೆ ತಿಳಿಸಿಬಿಡಲಿ.

ಸ್ನಾನದ ಮನೆ, ಮೆಟ್ಟಿಲು

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಯುರೋಪ್, ಅಮೆರಿಕದ ಬಚ್ಚಲಿನಲ್ಲಿ ನೆಲಕ್ಕೆ ನೀರು ಹೋಗುವ ತೂತು ಸಾಮಾನ್ಯವಾಗಿ ಇರುವುದಿಲ್ಲ. ತೊಟ್ಟಿಯೊಳಗೆ ನಿಂತು, ಪರದೆಯನ್ನು ತೊಟ್ಟಿಯ ಒಳಕ್ಕೆ ಎಳೆದುಕೊಂಡು ಸ್ನಾನ ಮಾಡಬೇಕು. ಹೊರಗೆ ಕೂತು ಚೊಂಬಿನಲ್ಲಿ ಸುರಿದುಕೊಂಡರೆ ಕೆಳಗಿನ ಮನೆಯ ಸೂರು ಸೋರುತ್ತದೆ, ಅದರ ಬಿಲ್ಲು ನಿಮಗೆ ಬರುತ್ತದೆ. ಮಂಡಿ ನೋವಿನವರಿಗೆ ತೊಟ್ಟಿ ದಾಟುವುದೇ ಕಷ್ಟ. ‘ತೊಟ್ಟಿ ಬೇಡ, ನೆಲಕ್ಕೆ ಸಮವಾದ ಶವರ್ ಬೇಕು’ ಅಂತ ಮುಂಚೆಯೇ ಬರೆಯಿರಿ. ಶೌಚಕ್ಕೆ ಜೆಟ್ ಸ್ಪ್ರೇ ಸಿಗುವುದು ಥಾಯ್ಲೆಂಡ್, ಮಲೇಷ್ಯಾ, ಕೊಲ್ಲಿ ದೇಶಗಳಲ್ಲಿ. ಜಪಾನಿನಲ್ಲಿ ಕಮೋಡಿನಲ್ಲೇ ನೀರು ಚಿಮ್ಮುತ್ತದೆ. ಉಳಿದ ಕಡೆಗೆ ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನಲ್ಲಿರಲಿ. ನಾಚಿಕೆ ಯಾಕೆ?

ಹಳೆಯ ಪ್ಯಾರಿಸ್ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದವು ಬೇಕಾದಷ್ಟಿವೆ. ನಾಲ್ಕನೇ ಮಹಡಿಯ ಚಂದದ ಬಾಲ್ಕನಿಯ ಫೋಟೊಗೆ ಮರುಳಾಗಿ ನಾನೇ ಒಮ್ಮೆ ಇಪ್ಪತ್ಮೂರು ಕಿಲೋ ಸೂಟ್‌ಕೇಸನ್ನು ಸುರುಳಿ ಮೆಟ್ಟಿಲಲ್ಲಿ ಹೊತ್ತೆ, ಅಮ್ಮ ಪ್ರತಿ ಮಹಡಿಯಲ್ಲಿ ಕೂತು ಎದ್ದು ಬಂದರು. ಮರುದಿನ ಕೆಳಗಿಳಿದವರು ಸಂಜೆಯವರೆಗೆ ಮೇಲೆ ಹತ್ತಲಿಲ್ಲ. ತಪ್ಪು ನನ್ನದೇ, ‘ಲಿಫ್ಟ್ ಇಲ್ಲ’ ಅಂತ ಬರೆದಿದ್ದರು, ನಾನು ಓದಿರಲಿಲ್ಲ.

ಈಗ ಬೆಲೆ

ನಾಲ್ಕು ಜನರ ಮನೆ ಅಂದುಕೊಳ್ಳಿ. ಊರೊಳಗಿನ ಹೋಟೆಲು ತಿಂಡಿ ಸೇರಿ ರಾತ್ರಿಗೆ 9,000 ರೂಪಾಯಿ, ಊರಾಚೆಯದು ತಿಂಡಿಯಿಲ್ಲದೆ 6,000. ಊರಾಚೆ ಇಳಿದರೆ ತಿಂಡಿಗೆ ತಲೆಗೆ 500ರಂತೆ 2,000, ರೈಲಿಗೆ ಹೋಗಿ ಬರಲು ತಲೆಗೆ 400ರಂತೆ 1,600. ಒಟ್ಟು 9,600. ಅಗ್ಗದ್ದೇ ದುಬಾರಿಯಾಯಿತು, ದಿನಕ್ಕೆ ಎರಡು ಗಂಟೆ ರೈಲಿನಲ್ಲಿ ಕಳೆದದ್ದು ಲೆಕ್ಕಕ್ಕೇ ಬಂದಿಲ್ಲ. ಒಬ್ಬರೇ ಹೋದರೆ ಇದೇ ಲೆಕ್ಕ ತಿರುವುಮುರುವು: 6,900 ಎದುರಿಗೆ 9,000.

ಫ್ಲ್ಯಾಟಿನಲ್ಲಿ ಶುಚಿ ಮಾಡುವ ಶುಲ್ಕ ಅಂತ ಒಂದೇ ಸಲದ ಮೊತ್ತ ಇರುತ್ತದೆ. 6,000 ಅಂದುಕೊಂಡರೆ ಎರಡು ರಾತ್ರಿಗೆ ದಿನಕ್ಕೆ 3,000 ಬಿತ್ತು, ಹತ್ತು ರಾತ್ರಿಗೆ 600. ಆದ್ದರಿಂದ ಮೂರು ರಾತ್ರಿಯೊಳಗಾದರೆ ಹೋಟೆಲು, ಐದು ದಾಟಿದರೆ ಫ್ಲ್ಯಾಟು ಎನ್ನುವುದು ನನ್ನ ಲೆಕ್ಕಾಚಾರ. ಮಲೇಷ್ಯಾದಲ್ಲಿ ವಿದೇಶಿಯರಿಂದ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ, ದುಬೈನಲ್ಲಿ ಹೋಟೆಲಿನ ದರ್ಜೆ ನೋಡಿ 7ರಿಂದ 20 ದಿರಾಂ. ಇಂಥವನ್ನು ಎಷ್ಟೋ ಸಲ ಅಲ್ಲಿಯೇ ಕಟ್ಟಿಸಿಕೊಳ್ಳುತ್ತಾರೆ, ಬುಕಿಂಗಿನ ಮೊತ್ತದಲ್ಲಿ ಕಾಣುವುದಿಲ್ಲ.

ಹಣ ಕಟ್ಟುವಾಗ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣದಲ್ಲೇ ಕಟ್ಟಿ. ರೂಪಾಯಿಗೆ ಬದಲಿಸುವ ದರ ಅವರು ಹಾಕಿದ್ದಾಗಿರುತ್ತದೆ, ನಿಮಗೆ ಹೆಚ್ಚು ಬೀಳುತ್ತದೆ. ಹೋಟೆಲಿನವರು ಒಳಗೆ ಬಿಡುವಾಗ ಕಾರ್ಡಿನಲ್ಲಿ ಠೇವಣಿ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡಾದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ, ಡೆಬಿಟ್ ಅಥವಾ ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡಾದರೆ ನಿಮ್ಮ ದುಡ್ಡೇ ಕೆಲವು ದಿನ ಸಿಕ್ಕಿಬೀಳುತ್ತದೆ. ಬುಕಿಂಗ್ ಆದ ಮೇಲೆ ‘ಕಾರ್ಡ್ ಮತ್ತೆ ಖಚಿತಪಡಿಸಿ’ ಎಂದು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಲಿಂಕ್ ಬಂದರೆ ಒತ್ತಬೇಡಿ, ಅದು ಎಷ್ಟೇ ಅಚ್ಚುಕಟ್ಟಾಗಿ ಹೋಟೆಲಿನ ಹೆಸರಲ್ಲೇ ಇರಲಿ.

ಬೆಳಗಿನ ಜಾವ ಇಳಿಯುವವರಿಗೆ

ನಮ್ಮ ಲಾಡ್ಜುಗಳಲ್ಲಿ 24 ಗಂಟೆಯ ಲೆಕ್ಕ ಉಂಟು, ಎಷ್ಟೊತ್ತಿಗೆ ಹೋದರೂ ಅಲ್ಲಿಂದ ಒಂದು ದಿನ. ಹೊರಗೆ ಹಾಗಿಲ್ಲ. ಮಧ್ಯಾಹ್ನ ಎರಡು ಮೂರಕ್ಕೆ ಒಳಗೆ, ಮರುದಿನ ಹನ್ನೊಂದಕ್ಕೆ ಹೊರಗೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಆರಕ್ಕೆ ಸಿಂಗಪುರದಲ್ಲಿ ಇಳಿದರೆ ಎಂಟು ಗಂಟೆ ಬೀದಿಯಲ್ಲಿ. ಗಟ್ಟಿಮುಟ್ಟಾಗಿದ್ದರೆ ಸಾಮಾನು ಹೋಟೆಲಿನಲ್ಲಿಟ್ಟು ಊರು ನೋಡಿ. ಹಿರಿಯರಿದ್ದರೆ ಹಿಂದಿನ ರಾತ್ರಿಯಿಂದಲೇ ರೂಮು ತೆಗೆದುಕೊಳ್ಳಿ, ಆದರೆ ‘ನಾವು ಬರುವುದು ಬೆಳಿಗ್ಗೆ’ ಅಂತ ಬರೆದು ತಿಳಿಸಿ. ಇಲ್ಲದಿದ್ದರೆ ರಾತ್ರಿ ಬರಲಿಲ್ಲವೆಂದು ಪೂರ್ತಿ ಬುಕಿಂಗನ್ನೇ ರದ್ದು ಮಾಡಿಬಿಟ್ಟಾರು.

ಬಂದವರ ಅಭಿಪ್ರಾಯ ಓದುವಾಗ ಹತ್ತಕ್ಕೆ ಹತ್ತು ಕೊಟ್ಟವರನ್ನು ಬಿಡಿ. ಕಳೆದ ಆರು ತಿಂಗಳಲ್ಲಿ ಬಂದು ನಡುವಿನ ಅಂಕ ಕೊಟ್ಟವರನ್ನು ಓದಿ, ನಿಜ ಹೇಳುವವರು ಅವರು. ಒಬ್ಬರು ಬೈದರೆ ಅವರ ಗ್ರಹಚಾರ, ನಾಲ್ವರು ಒಂದೇ ಮಾತು ಹೇಳಿದರೆ ಅದು ಮನೆಯ ಲಕ್ಷಣ.

ಒಳಗೆ ಕಾಲಿಟ್ಟ ಮೇಲೆ ಸೂಟ್‌ಕೇಸನ್ನು ಮಂಚದ ಮೇಲೆ ಹಾಕಬೇಡಿ. ಮೊದಲು ಹೊದಿಕೆ ಎತ್ತಿ ಹಾಸಿಗೆಯ ಹೊಲಿಗೆಯಲ್ಲಿ ತಿಗಣೆಯ ಕಪ್ಪು ಚುಕ್ಕೆ ಇದೆಯೇ ನೋಡಿ, ಎಷ್ಟು ನಕ್ಷತ್ರದ ಹೋಟೆಲಾದರೂ ಸರಿ. ಫ್ಲ್ಯಾಟಾದರೆ ಇದ್ದ ಗೀರು, ಒಡಕುಗಳನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ ಅವತ್ತೇ ಮನೆ ಮಾಲೀಕರಿಗೆ ಕಳಿಸಿ. ಆಮೇಲೆ ಮುಂಗಟ್ಟೆಯವರಿಂದ ವಿಳಾಸವನ್ನು ಆ ಊರಿನ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಬ್ಯಾಂಕಾಕಿನಲ್ಲಿ ಅಮ್ಮ ಸಂತೆಯ ಜನರ ನಡುವೆ ತಪ್ಪಿಸಿಕೊಂಡಾಗ ಮೊಬೈಲು ನನ್ನ ಬ್ಯಾಗಿನಲ್ಲಿತ್ತು. ಅವರು ಸೊಂಟದ ಚೀಲದಿಂದ ಥಾಯ್ ಅಕ್ಷರದ ಆ ಚೀಟಿ ತೆಗೆದು ಟ್ಯಾಕ್ಸಿಯವನಿಗೆ ತೋರಿಸಿ, ನಮಗಿಂತ ಮುಂಚೆ ರೂಮು ಸೇರಿ, ಸ್ನಾನ ಮುಗಿಸಿ ಕೂತಿದ್ದರು.